ಮುಖವಾಡವನ್ನು ಮಾತನಾಡಿಸುವವನು

ಜಪಾನಿನ ‘ನೋ’ ನಾಟಕದಲ್ಲಿ ಸಾಮಾನ್ಯವಾಗಿ ಮೊದಲು ರಂಗಕ್ಕೆ ಬರುವವನು ಮುಖವಾಡವಿಲ್ಲದ ಒಬ್ಬ ದಾರಿಹೋಕ. ಅವನನ್ನು ‘ವಾಕಿ’ ಎನ್ನುತ್ತಾರೆ. ಮುಖವಾಡ ತೊಟ್ಟ ಪ್ರಧಾನ ಪಾತ್ರ ‘ಶಿತೆ’ ಬಂದಾಗ, ನೀನಾರು ಎಂದು ಕೇಳುವವನು ಅವನೇ. ಆ ಪ್ರಶ್ನೆಗೆ ಉತ್ತರವಾಗಿ, ಹಳ್ಳಿಯ ಹೆಂಗಸಿನಂತೆ ಕಂಡವಳು ಎಂದೋ ಮಡಿದವಳ ಪ್ರೇತವೆಂದು ಮೆಲ್ಲನೆ ಬಯಲಾಗುತ್ತದೆ.

ಈ ನಾಟಕವನ್ನು ಇಂಗ್ಲಿಷರಿಗೆ ಮುಟ್ಟಿಸಿದವರು ಎರಡು ಹಾದಿ ಹಿಡಿದರು. ಫೆನೊಲೋಸಾ ಬಿಟ್ಟುಹೋದ ಟಿಪ್ಪಣಿಗಳಿಂದ ಎಜ್ರಾ ಪೌಂಡ್ 1916ರಲ್ಲಿಯೂ, ಮೂಲದಿಂದಲೇ ಆರ್ಥರ್ ವೇಲಿ 1921ರಲ್ಲಿಯೂ ಮಾತನ್ನು ತಂದುಕೊಟ್ಟರು. ಕವಿ ಯೇಟ್ಸನಾದರೋ 1916ರಲ್ಲಿ ಲಂಡನ್ನಿನ ಮನೆಯೊಂದರ ಹಜಾರದಲ್ಲಿ ಐರ್ಲೆಂಡಿನ ಪುರಾಣಕ್ಕೇ ನೋ ನಾಟಕದ ಉಡುಗೆ ತೊಡಿಸಿದನು. ಕಥೆ ಬದಲಾಯಿತು, ಆಟದ ಕ್ರಮ ಉಳಿಯಿತು.

ನಮ್ಮಲ್ಲಿಯೂ ಇಂಥದೇ ನಡೆದಿದೆ. ಗಿರೀಶ ಕಾರ್ನಾಡರು 1971ರ ತಮ್ಮ ‘ಹಯವದನ’ವನ್ನು ತಾವೇ ಇಂಗ್ಲಿಷಿಗೆ ತಂದರು, ಅದು 1975ರಲ್ಲಿ ಪ್ರಕಟವಾಯಿತು. ಗಣಪತಿಯ ಮುಖವಾಡಕ್ಕೆ ಪೂಜೆ ಸಲ್ಲಿಸುವ ಆರಂಭ ನಮಗೆ ರೂಢಿ, ಹೊರಗಿನವರಿಗೆ ವಿಚಿತ್ರ. ಆದರೆ ಕುದುರೆಮೋರೆಯವನನ್ನು ಕಂಡು, ಆ ಮುಖವಾಡ ತೆಗೆ ಎಂದು ಭಾಗವತ ಗದರಿಸುವಾಗ ಎಲ್ಲರ ಕುತೂಹಲವೂ ಅವನ ಬಾಯಲ್ಲಿದೆ. ತಲೆಗಳು ಅದಲುಬದಲಾದುದನ್ನು ಮುಖವಾಡಗಳೇ ಹೇಳುತ್ತವೆ. ಅದಕ್ಕೆ ಅನುವಾದವೇ ಬೇಡ.

ನಮ್ಮ ಚಿತ್ರದುರ್ಗ ಸೀಮೆಯ ಮೂಡಲಪಾಯದಲ್ಲಿ ಈ ಕೆಲಸ ಸಾರಥಿಯದು. ಕಿರೀಟ, ಭುಜಕೀರ್ತಿ ಧರಿಸಿ ಅಬ್ಬರಿಸುತ್ತ ಬಂದ ರಾಜನನ್ನು ಅವನು ತಡೆದು ನಿಲ್ಲಿಸಿ ಹೆಸರೇನು, ಊರೇನು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಾತ್ರಿಯಿಡೀ ಕೂರಲು ಪುರುಸೊತ್ತಿಲ್ಲದ ಪಟ್ಟಣಿಗರಿಗಾಗಿ ಆಟವನ್ನು ಒಂದು ಗಂಟೆಗೆ ಇಳಿಸುವಾಗ, ಕಥೆಗೆ ಅನಗತ್ಯವೆಂದು ಮೊದಲು ಕತ್ತರಿ ಬೀಳುವುದು ಈ ಸಂಭಾಷಣೆಗೇ. ಇದು ವಿವೇಕವಲ್ಲ. ಕಥೆ ಗೊತ್ತಿದ್ದ ಹಳ್ಳಿಯವರಿಗಿಂತ, ಗೊತ್ತಿಲ್ಲದ ಹೊಸಬರಿಗೇ ಸಾರಥಿ ಹೆಚ್ಚು ಬೇಕು.

ಆ ಹೊಸಬರು ಇಂದು ಲಂಡನ್ನಿನಲ್ಲಿ ಮಾತ್ರ ಇಲ್ಲ. ಹಿರಿಯೂರಿನಲ್ಲಿ, ಹೊಳಲ್ಕೆರೆಯಲ್ಲಿ ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮೊಮ್ಮಕ್ಕಳೂ ಬಭ್ರುವಾಹನ ಯಾರೆಂದು ಅರಿಯರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ತಂಡ ಊರೂರಿಗೆ ನಾಟಕ ಒಯ್ದುದರಿಂದ, ನೋಡುವವರು ಇನ್ನೂ ಇದ್ದಾರೆಂಬುದು ನಮಗೆ ತಿಳಿದಿದೆ. ಹಾಡನ್ನು ಮೊಟಕುಗೊಳಿಸಿರಿ, ಯುದ್ಧವನ್ನು ಕಿರಿದಾಗಿಸಿರಿ. ಸಾರಥಿಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿರಿ. ಕಥೆಯರಿಯದ ಮಗು ಅವನ ಬೆನ್ನ ಹಿಂದೆ ನಿಂತೇ ಆಟದೊಳಕ್ಕೆ ಬರಬೇಕಾಗಿದೆ.