ರಾಜಕೀಯ ಬೇಡ ಅಂದವರಿಗೆ



ಶಿಕಾರಿಪುರ, ಸೊರಬದ ಹಾಸ್ಟೆಲುಗಳಿಂದ ಟ್ರಂಕು ಹೊತ್ತು ಕಾಲೇಜಿಗೆ ಹೋದ ನಮಗೆ ಸಿಕ್ಕ ಮೊದಲ ಬುದ್ಧಿಮಾತು: ಓದೋಕೆ ಬಂದಿದ್ದೀರಿ, ರಾಜಕೀಯ ಬೇಡ. ಹಾಗಂದವರೇ ಸ್ಟಾಫ್ ರೂಮಿನಲ್ಲಿ ಟೀ ಕುಡೀತಾ ಯಾರಿಗೆ ಟಿಕೆಟ್ಟು, ಯಾರು ಮಂತ್ರಿ ಅಂತ ಲೆಕ್ಕ ಹಾಕ್ತಿದ್ದರು. ಬೇಡವಾಗಿದ್ದು ನಮಗೆ ಮಾತ್ರ.

1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ವಾದಕ್ಕೆ ಪ್ರತಿವಾದ ಬರಬೇಕಿತ್ತು, ಕಲ್ಲು ಬಂತು. ಹೊಡೆತ ತಿಂದವರು ದಲಿತ ವಿದ್ಯಾರ್ಥಿಗಳು. ಮಂತ್ರಿಗಿರಿಯೂ ಹೋಯಿತು. ಆ ಗಾಯದಿಂದಲೇ ಚಳವಳಿ ಎದ್ದಿತು. ಅದನ್ನು ಕಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯ ಕನ್ನಡ ಮೇಷ್ಟ್ರು. ಪಾಠ ಬೇರೆ, ಬೀದಿ ಬೇರೆ ಅನ್ನಲಿಲ್ಲ.

ನಮ್ಮ ಸೊರಬದ ಚಂದ್ರಗುತ್ತಿಯಲ್ಲಿ 1986ರ ಮಾರ್ಚಿನಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರ, ಪೊಲೀಸರ ಬಟ್ಟೆಯನ್ನೇ ಕಿತ್ತರು. ಆಮೇಲೆ ಚನ್ನಬಸಪ್ಪ ಸಮಿತಿ ಬಂತು, ನಿಷೇಧವೂ ಬಂತು. ವಿದ್ವಾಂಸರು ಭಕ್ತಿಯೋ ಶೋಷಣೆಯೋ ಅಂತ ಚರ್ಚಿಸಿದರು. ಹರಕೆ ಹೊತ್ತು ಓಡಿದ ನಮ್ಮ ಅವ್ವಂದಿರನ್ನು ಆ ಚರ್ಚೆಗೆ ಕರೆದವರೆಷ್ಟು ಮಂದಿ?

ನಾವೂ ಸಾಚಾಗಳಲ್ಲ. ಈ ಎರಡು ತಾಲೂಕು ನಾಡಿಗೆ ಮುಖ್ಯಮಂತ್ರಿಗಳನ್ನೇ ಕೊಟ್ಟವು: 1990ರಲ್ಲಿ ಬಂಗಾರಪ್ಪ, 2008ರಲ್ಲಿ ಯಡಿಯೂರಪ್ಪ. ಚುನಾವಣೆ ಜೀಪು ಬಂದಾಗ ಹತ್ತಿ ಹೋದೆವು. ನಮ್ಮ ಕೇರಿಗೆ ಎಷ್ಟು ಗುಂಟೆ ಭೂಮಿ ಸಿಕ್ಕಿತು ಅಂತ ರೂಮಿನಲ್ಲಿ ಒಂದು ರಾತ್ರಿಯಾದರೂ ಕೂತು ಮಾತಾಡಿದೆವೆ?

1987ರಲ್ಲಿ ಜಿಲ್ಲೆಗೆ ಕುವೆಂಪು ವಿಶ್ವವಿದ್ಯಾಲಯ ಬಂತು. ಹಿಂದಿನ ಬೆಂಚಲ್ಲಿ ತೆಪ್ಪಗೆ ಕೂರೋದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಎದ್ದು ನಿಂತು ಕೇಳೋಣ. ಉತ್ತರ ಯಾರದಾದರೂ ಆಗಲಿ, ಪ್ರಶ್ನೆ ನಮ್ಮದಿರಲಿ.

ಜೈ ಭೀಮ್.