ಪತ್ರಿಕೆ ಬಿಟ್ಟು ಊರು ಕಟ್ಟಿದ ಜರ್ಮನ್: ಹರ್ಮನ್ ಮೊಗ್ಲಿಂಗ್ ಮತ್ತು ಕೊಡಗಿನ ಆನಂದಪುರ

ಪ್ರತಿ ವರ್ಷ ಜುಲೈ 1ಕ್ಕೆ ಕರ್ನಾಟಕದ ಉದ್ದಗಲಕ್ಕೂ ಪತ್ರಿಕಾ ದಿನಾಚರಣೆ ನಡೆಯುತ್ತದೆ. ನಮ್ಮ ಕಲಬುರಗಿ ಕಡೆಯ ಆಳಂದದಲ್ಲೂ ನಡೆಯುತ್ತದೆ, ಜೇವರ್ಗಿಯಲ್ಲೂ ನಡೆಯುತ್ತದೆ. ಆ ದಿನ ಎಲ್ಲ ಭಾಷಣಗಳಲ್ಲೂ ಒಂದು ಹೆಸರು ಬಂದೇ ಬರುತ್ತದೆ: ಹರ್ಮನ್ ಮೊಗ್ಲಿಂಗ್. 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದ ಜರ್ಮನ್ ಪಾದ್ರಿ. ಭಾಷಣ ಅಲ್ಲಿಗೆ ಮುಗಿಯುತ್ತದೆ.

'ಮಂಗಳೂರು ಸಮಾಚಾರ' ಎಂಬ ಹೆಸರಿನಲ್ಲಿ ಪತ್ರಿಕೆ ನಡೆದದ್ದು ಒಂದು ವರ್ಷವೂ ಇಲ್ಲ. ಮೊಗ್ಲಿಂಗ್ ಕನ್ನಡ ನಾಡಿನಲ್ಲಿ ಇದ್ದದ್ದು ಮಾತ್ರ ಸುಮಾರು ಇಪ್ಪತ್ನಾಲ್ಕು ವರ್ಷ. ಅದರ ಕೊನೆಯ ಏಳು ವರ್ಷ ಅವರು ಕೊಡಗಿನಲ್ಲಿದ್ದರು. ಅಲ್ಲಿ ಜೀತದಿಂದ ಹೊರಬಂದ ಕುಟುಂಬಗಳಿಗಾಗಿ ಕಾಡಿನ ಅಂಚಿನಲ್ಲಿ ಒಂದು ಊರನ್ನೇ ಕಟ್ಟಲು ನಿಂತರು. ಆ ಊರಿನ ಹೆಸರು ಆನಂದಪುರ. ಪತ್ರಿಕೆಗಿಂತ ಆನಂದಪುರವೇ ಅವರ ದೊಡ್ಡ ಕೆಲಸ ಎಂಬುದು ನನ್ನ ನಂಬಿಕೆ. ಯಾಕೆ ಹಾಗೆ ಅನ್ನುತ್ತೇನೆ ಎಂಬುದನ್ನು ಇವತ್ತು ಹೇಳುತ್ತೇನೆ.

ಮೊದಲು ಮನುಷ್ಯನ ಪರಿಚಯ. ಹರ್ಮನ್ ಫ್ರೀಡ್ರಿಕ್ ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ರಾಜ್ಯದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಓದಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ, ದೇವಶಾಸ್ತ್ರ. ಮುಂದೆ ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಅವರ ಆಪ್ತ ಗೆಳೆಯ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಎರಡು ವರ್ಷ ಬಿಟ್ಟು, 1836ರಲ್ಲಿ, ಮೊಗ್ಲಿಂಗ್ ಬಂದಿಳಿದರು. ಆಗ ಅವರಿಗೆ 25 ವರ್ಷ.

ಕನ್ನಡ ಕಲಿತರು. ಬಿಳಿಯರ ಬಂಗಲೆ ಬಿಟ್ಟು ಶಾಲೆಯ ಹುಡುಗರ ಜೊತೆಗೇ ಉಳಿದು ಪಾಠ ಹೇಳಿದರು. ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟದ ಪತ್ರಿಕೆ ತಂದರು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. 1848ರಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆ ಶುರುವಾಯಿತು. ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಹಣ ಕೊಟ್ಟರು. ತಾಳೆಗರಿ, ಕಡತಗಳಲ್ಲಿದ್ದ ಜೈಮಿನಿ ಭಾರತ, ದಾಸರ ಪದಗಳು, ಬಸವ ಪುರಾಣ ಅಚ್ಚಿಗೆ ಬಂದವು. ಶರಣಬಸವೇಶ್ವರರ ನಾಡಿನವರಾದ ನಾವು ಇದನ್ನು ನೆನೆಯಬೇಕು. ಬಸವ ಪುರಾಣವನ್ನು ಆ ಕಾಲದಲ್ಲಿ ಮುದ್ರಿಸಿ ಕೊಟ್ಟವರು ಒಬ್ಬ ಕ್ರೈಸ್ತ ಪಾದ್ರಿ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಇಷ್ಟನ್ನು ನೀವು ಬೇರೆ ಕಡೆಯೂ ಕೇಳಿರಬಹುದು. ಇನ್ನು ಕೊಡಗಿಗೆ ಹೋಗೋಣ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ ಕೊಡಗನ್ನು ತನ್ನ ವಶ ಮಾಡಿಕೊಂಡಿತು. ರಾಜ ಹೋದ, ಜಮ್ಮಾ ಭೂಮಿಯ ಪದ್ಧತಿ ಉಳಿಯಿತು. ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಗದ್ದೆಗಳಲ್ಲಿ ದುಡಿಯುತ್ತಿದ್ದವರು ಹೊಲೆಯ ಸಮುದಾಯದವರು, ಯರವರು. ಅವರು ಕೂಲಿಯವರಲ್ಲ, ಆಳುಗಳು. ಅಪ್ಪ ಯಾವ ಮನೆಯ ಆಳೋ ಮಗನೂ ಅದೇ ಮನೆಯ ಆಳು. ಕೈಗೆ ಹಣ ಸಿಗುತ್ತಿರಲಿಲ್ಲ. ಹೊಟ್ಟೆಗೆ ಅಕ್ಕಿ, ಮೈಗೆ ಬಟ್ಟೆ, ಅಷ್ಟೇ.

1843ರಲ್ಲಿ, ಅಂದರೆ 'ಮಂಗಳೂರು ಸಮಾಚಾರ' ಹುಟ್ಟಿದ ವರ್ಷವೇ, ಕಂಪನಿ ಸರ್ಕಾರ ಗುಲಾಮಗಿರಿಯ ಮೇಲೆ ಒಂದು ಕಾಯ್ದೆ ತಂದಿತು. ಆ ವರ್ಷದ ಐದನೇ ಕಾಯ್ದೆ ಅದು. ಒಬ್ಬ ಮನುಷ್ಯ ಇನ್ನೊಬ್ಬನ ಆಸ್ತಿ ಎಂಬ ಹಕ್ಕನ್ನು ಇನ್ನು ಮುಂದೆ ಯಾವ ಕೋರ್ಟೂ ಎತ್ತಿಹಿಡಿಯುವುದಿಲ್ಲ ಎಂದು ಅದು ಹೇಳಿತು. ಒಳ್ಳೆಯದೇ. ಆದರೆ ಬಿಡುಗಡೆಯಾದವನು ಎಲ್ಲಿಗೆ ಹೋಗಬೇಕು, ಯಾರ ನೆಲದ ಮೇಲೆ ಗುಡಿಸಲು ಹಾಕಬೇಕು, ಮಳೆಗಾಲಕ್ಕೆ ಏನು ತಿನ್ನಬೇಕು ಎಂಬುದರ ಬಗ್ಗೆ ಕಾಯ್ದೆಯಲ್ಲಿ ಒಂದು ಸಾಲೂ ಇರಲಿಲ್ಲ.

ಆಳಂದದ ಹಿರೋಳ್ಳಿ ಕಡೆಯ ಹಿರಿಯರಿಗೆ ಇದನ್ನು ನಾನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಈ ಸೀಮೆ 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದಲ್ಲಿ ಭಗೇಲಾ ಎಂಬ ಪದ್ಧತಿ ಇತ್ತು. ಮದುವೆಗೋ ಬರಕ್ಕೋ ಸಾಲ ತೆಗೆದವನು ಸಾಲ ಕೊಟ್ಟವನ ಹೊಲದಲ್ಲಿ ದುಡಿಯುತ್ತಲೇ ಇರಬೇಕು. ಅವನ ಕೈಲಿ ತೀರದಿದ್ದರೆ ಮಗ ದುಡಿಯಬೇಕು. 1936ರಲ್ಲಿ ನಿಜಾಮ ಸರ್ಕಾರ ಭಗೇಲಾ ಕರಾರುಗಳಿಗೆ ಕಡಿವಾಣ ಹಾಕುವ ಕಾನೂನು ಮಾಡಿತು. ಸ್ವತಂತ್ರ ಭಾರತ 1976ರಲ್ಲಿ ಮತ್ತೆ ಜೀತ ನಿರ್ಮೂಲನೆಯ ಕಾಯ್ದೆ ಮಾಡಬೇಕಾಯಿತು. ಒಂದೇ ಅನ್ಯಾಯಕ್ಕೆ ಇಷ್ಟು ಸಲ ಕಾನೂನು ಯಾಕೆ ಬೇಕಾಯಿತು? ಪ್ರತಿ ಸಲವೂ ಕಾಗದ ಹರಿಯಿತು, ನೆಲ ಕೈಗೆ ಬರಲಿಲ್ಲ. ಮೊಗ್ಲಿಂಗ್ ಈ ಮಾತನ್ನು 1850ರ ದಶಕದಲ್ಲೇ ಅರಿತಿದ್ದರು. ಅವರ ಬಗ್ಗೆ ನನಗೆ ಗೌರವ ಇರುವುದು ಮುಖ್ಯವಾಗಿ ಈ ಕಾರಣಕ್ಕೆ.

ಕೊಡಗಿಗೆ ಅವರು ತಾವಾಗಿ ಹೋದವರಲ್ಲ. ಅವರನ್ನು ಕರೆದೊಯ್ದವರು ಒಬ್ಬ ಕೊಡವರು: ಅಲ್ಮಂಡ ಮನೆತನದ ಸೋಮಯ್ಯ. ಮೊಗ್ಲಿಂಗ್ ಜರ್ಮನಿಗೆ ಮರಳುವ ತಯಾರಿಯಲ್ಲಿದ್ದಾಗ ಸೋಮಯ್ಯ ಮಂಗಳೂರಿಗೆ ಬಂದರು, ಕ್ರೈಸ್ತ ದೀಕ್ಷೆ ಪಡೆದು ಸ್ಟೆಫನಸ್ ಸೋಮಯ್ಯ ಎನಿಸಿಕೊಂಡರು, ತಮ್ಮ ನಾಡಿಗೆ ಬರಬೇಕೆಂದು ಕರೆದರು. ಹೊಸ ಕ್ಷೇತ್ರ ಶುರುಮಾಡುವ ಯೋಚನೆ ಬಾಸೆಲಿನ ಸಮಿತಿಗೆ ಇರಲಿಲ್ಲ. ಆದರೂ ಮೊಗ್ಲಿಂಗ್ ಹಡಗು ಹತ್ತುವುದನ್ನು ಬಿಟ್ಟು 1853ರಲ್ಲಿ ಘಟ್ಟ ಹತ್ತಿದರು. ಸೋಮಯ್ಯನವರು ತಮ್ಮ ಕುಲದವರ ಕೋಪವನ್ನು ಎದುರಿಸಿ ಅದೇ ನಾಡಿನಲ್ಲಿ ಬಾಳಬೇಕಾಯಿತು. ಮೊಗ್ಲಿಂಗ್ ಕಥೆ ಹೇಳುವಾಗ ಈ ಮನುಷ್ಯನನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಸರಿಯಲ್ಲ.

ಕೊಡಗಿಗೆ ಬಂದ ಮೊಗ್ಲಿಂಗ್ ಸುಮ್ಮನಿರಲಿಲ್ಲ. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ 'ಕೂರ್ಗ್ ಮೆಮಾಯಿರ್ಸ್' ಎಂಬ ಪುಸ್ತಕ ಬರೆದರು. ದೊಡ್ಡವೀರರಾಜೇಂದ್ರ ಬರೆಸಿದ್ದ ಅರಸುಮನೆತನದ ಚರಿತ್ರೆ 'ರಾಜೇಂದ್ರನಾಮೆ'ಯ ಕನ್ನಡ ಪಠ್ಯವನ್ನು ಅಚ್ಚಿಗೆ ತಂದರು. ಆದರೆ ಅವರ ಬಾಗಿಲಿಗೆ ಬಂದು ನಿಂತವರು ಚರಿತ್ರೆ ಓದುವವರಲ್ಲ, ಆ ಆಳು ಕುಟುಂಬಗಳವರು.

ಅವರಿಗೆ ಬೇಕಾದದ್ದು ಉಪದೇಶ ಒಂದೇ ಅಲ್ಲ. ಒಡೆಯನ ಮನೆ ಬಿಟ್ಟುಬಂದರೆ ಅದೇ ರಾತ್ರಿಗೆ ಸೂರು ಬೇಕು. ನಾಳೆ ಒಡೆಯ ಬಂದು ಎಳೆದೊಯ್ಯದಂತೆ ಯಾರಾದರೂ ಅಡ್ಡ ನಿಲ್ಲಬೇಕು. ಇದಕ್ಕೆಲ್ಲ ಸ್ವಂತ ನೆಲವೇ ಬೇಕು ಎಂದು ಕಂಡುಕೊಂಡು ದಕ್ಷಿಣ ಕೊಡಗಿನಲ್ಲಿ, ಈಗಿನ ಅಮ್ಮತ್ತಿ-ಸಿದ್ದಾಪುರದ ಕಡೆ, ಜಾಗ ಮಾಡಿಕೊಂಡು 1850ರ ದಶಕದ ಉತ್ತರಾರ್ಧದಲ್ಲಿ ಆನಂದಪುರವನ್ನು ಶುರುಮಾಡಿದರು. ಕಾಡು ಕಡಿದು ಮನೆ ಎದ್ದವು, ಪ್ರಾರ್ಥನೆಗೆ ಗುಡಿ ಎದ್ದಿತು, ಮಕ್ಕಳಿಗೆ ಅಕ್ಷರ ಕಲಿಸಿದರು. ಬದುಕಿಗೆ ಕಾಫಿ ತೋಟ.

ಕಾಫಿ ಯಾಕೆ? 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿ ಬಳಿ ತೋಟ ತೆರೆದ ಮೇಲೆ ಕೊಡಗಿನಲ್ಲಿ ಕಾಫಿಯ ಭರಾಟೆ ಎದ್ದಿತ್ತು. ಬೆಟ್ಟದ ನೆಲದಲ್ಲಿ ಕೈಗೆ ರೊಕ್ಕ ತರುವ ಬೆಳೆ ಅದೊಂದೇ ಎಂದು ಎಲ್ಲರೂ ನಂಬಿದ್ದ ಕಾಲ. ಮಿಷನ್ ಇದಕ್ಕೂ ಮೊದಲು ಗದಗ-ಬೆಟಗೇರಿ ಹತ್ತಿರದ ಮಲ್ಲಸಮುದ್ರದಲ್ಲಿ ಹೊಸ ಭಕ್ತರಿಗಾಗಿ ಕೃಷಿ ನೆಲೆ ಕಟ್ಟಲು ಹೋಗಿ ಸೋತಿತ್ತು. ಹಾಗಾಗಿ ಆನಂದಪುರಕ್ಕೆ ಕೈತುಂಬ ಹಣ ಸುರಿಯುವವರು ಯಾರೂ ಇರಲಿಲ್ಲ. ತೋಟ ಸಾಲದಲ್ಲೇ ಎದ್ದಿತು. ಗಿಡ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು. ಅಷ್ಟು ಕಾಲ ಸಾಲ ಮಾತ್ರ ಬೆಳೆಯುತ್ತದೆ.

ಇಲ್ಲಿ ಇನ್ನೊಬ್ಬರನ್ನು ಕರೆತರಬೇಕು: ಹರ್ಮನ್ ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆಯ ಹುಡುಗ, ಮೊಗ್ಲಿಂಗ್ ಶಿಷ್ಯ. 1844ರ ಜನವರಿಯಲ್ಲಿ ದೀಕ್ಷೆ ಪಡೆದಾಗ ಮಂಗಳೂರೇ ಕೆರಳಿತ್ತು. ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿ ಪಟ್ಟ ಪಡೆದು ಮರಳಿದರು. ಆನಂದಪುರದ ತೋಟ, ಅದರ ಜನ, ಅದರ ಭಾರ ಎಲ್ಲವನ್ನೂ ಮುಂದೆ ಹೊತ್ತವರಲ್ಲಿ ಕೌಂಡಿನ್ಯರೇ ಮುಖ್ಯರು. ಬ್ರಾಹ್ಮಣನಾಗಿ ಹುಟ್ಟಿದವರೊಬ್ಬರು ಆಳುಗಳ ಊರನ್ನು ತಮ್ಮ ಊರು ಮಾಡಿಕೊಂಡರು. ಹತ್ತೊಂಬತ್ತನೆಯ ಶತಮಾನದ ಕರ್ನಾಟಕದಲ್ಲಿ ಇಂಥ ಇನ್ನೊಂದು ಬದುಕನ್ನು ಹುಡುಕುವುದು ಕಷ್ಟ.

ಅದೇ ಕಾಲದಲ್ಲಿ ಜರ್ಮನರು ಜಗತ್ತಿನ ಹಲವು ಕಡೆ ಊರು ಕಟ್ಟುತ್ತಿದ್ದರು. 1845ರಲ್ಲಿ ಟೆಕ್ಸಾಸಿನಲ್ಲಿ ನ್ಯೂ ಬ್ರೌನ್‌ಫೆಲ್ಸ್. 1850ರಲ್ಲಿ ಬ್ರೆಜಿಲಿನಲ್ಲಿ ಬ್ಲುಮೆನೌ. ಅದನ್ನು ಕಟ್ಟಿದವನೂ ಹರ್ಮನ್ ಎಂಬ ಹೆಸರಿನವನೇ, ಡಾಕ್ಟರ್ ಹರ್ಮನ್ ಬ್ಲುಮೆನೌ. ಆ ಊರುಗಳೆಲ್ಲ ಜರ್ಮನಿಯಿಂದ ಬಂದವರಿಗೆ ನೆಲ ಹಂಚಲು ಹುಟ್ಟಿದವು. ಬ್ರೆಜಿಲಿನಲ್ಲಿ ಆ ಕಾಡಿನ ಮೂಲನಿವಾಸಿ ಶೋಕ್ಲೆಂಗ್ ಜನ ನೆಲೆ ಕಳೆದುಕೊಂಡರು. ಆನಂದಪುರದಲ್ಲಿ ಜರ್ಮನ್ ವಲಸಿಗರ ಬಡಾವಣೆ ಇರಲಿಲ್ಲ. ಅಲ್ಲಿ ನೆಲೆ ಸಿಕ್ಕಿದ್ದು ಅದೇ ನಾಡಿನ ನೆಲವಿಲ್ಲದವರಿಗೆ. ಬ್ಲುಮೆನೌ ಇಂದು ದೊಡ್ಡ ನಗರ; ಆನಂದಪುರ ಸಣ್ಣ ಊರಾಗಿಯೇ ಉಳಿಯಿತು. ಆದರೂ ಯಾರಿಗಾಗಿ ಕಟ್ಟಿದರು ಎಂದು ಕೇಳಿದರೆ ಆನಂದಪುರದ್ದೇ ಹೆಚ್ಚಿನ ತೂಕ.

ಹಾಗೆಂದು ಮೊಗ್ಲಿಂಗರನ್ನು ಪೂಜಿಸಲು ನಾನು ಈ ವಿಡಿಯೋ ಮಾಡುತ್ತಿಲ್ಲ. ಅವರು ಮತಪ್ರಚಾರಕರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಆನಂದಪುರ ಕ್ರೈಸ್ತರ ಊರಾಗಿಯೇ ಬೆಳೆಯಿತು. ಅಲ್ಲಿ ಬಾಳಬೇಕಾದರೆ ಪಾದ್ರಿಯ ಶಿಸ್ತಿಗೆ ಒಳಪಡಬೇಕಿತ್ತು. ಮನೆ, ಕೂಲಿ, ಶಾಲೆ, ಪ್ರಾರ್ಥನೆ ಎಲ್ಲವೂ ಒಂದೇ ಕೈಯಲ್ಲಿದ್ದರೆ ಒಡೆಯ ಬದಲಾದನೇ ಹೊರತು ಒಡೆತನ ಹೋಯಿತೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇದೆಲ್ಲ ನಡೆದದ್ದು ಕಂಪನಿಯ ಆಳ್ವಿಕೆಯ ನೆರಳಿನಲ್ಲಿ ಎಂಬುದೂ ನಿಜ. ಆದರೆ ಒಂದು ವ್ಯತ್ಯಾಸವನ್ನು ನಾವು ಮರೆಯಬಾರದು. ಜಮ್ಮಾ ಗದ್ದೆಯ ಆಳಿಗೆ ಬಿಟ್ಟು ಹೋಗಲು ದಾರಿಯೇ ಇರಲಿಲ್ಲ. ಆನಂದಪುರಕ್ಕೆ ಬಂದವನು ತಾನೇ ನಡೆದು ಬಂದಿದ್ದ; ಅವನ ಮಗ ಅಕ್ಷರ ಕಲಿತ. ನನ್ನ ತಕ್ಕಡಿಯಲ್ಲಿ ಇದು ಸಣ್ಣದಲ್ಲ.

ಮೊಗ್ಲಿಂಗ್ ಆ ಊರಿನ ಫಸಲು ಕಾಣುವಷ್ಟು ಕಾಲ ಇರಲಿಲ್ಲ. ಅವರ ಸಹೋದ್ಯೋಗಿಯೂ ಬಂಧುವೂ ಆಗಿದ್ದ, ಬೈಬಲಿನ ಕನ್ನಡ ಅನುವಾದದಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಮುಂದೆ ವೈಗ್ಲೆಯ ವಿಧವೆ ಪೌಲಿನ್ ಅವರನ್ನು ಮೊಗ್ಲಿಂಗ್ ಮದುವೆಯಾದರು. ಪೌಲಿನ್ ಅವರ ಆರೋಗ್ಯ ಕೆಟ್ಟಿತು. 1860ರಲ್ಲಿ ಇಬ್ಬರೂ ಜರ್ಮನಿಗೆ ಹೊರಟರು, ಮತ್ತೆ ಬರಲಿಲ್ಲ. ಅಲ್ಲಿ ಕೂತು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಗೆಳೆಯ ಗುಂಡರ್ಟ್ ಮರುವರ್ಷವೇ ಅವರ ಜೀವನಚರಿತ್ರೆ ಪ್ರಕಟಿಸಿದರು.

ಅವರು ಹೊರಟ ಕೆಲವೇ ವರ್ಷಗಳಲ್ಲಿ ಕೊಡಗಿನ ಕಾಫಿಗೆ ಬಿಳಿ ಕಾಂಡಕೊರಕ ಹುಳ ಬಿತ್ತು. 1860ರ ದಶಕದ ನಡುವೆ ತೋಟಕ್ಕೆ ತೋಟವೇ ಒಣಗಿತು. ಹಾನಿ ಎಷ್ಟಿತ್ತೆಂದರೆ ಮದ್ರಾಸ್ ಸರ್ಕಾರ ಜಾರ್ಜ್ ಬಿಡಿ ಎಂಬ ವೈದ್ಯನನ್ನು ತನಿಖೆಗೆ ಕಳಿಸಿತು. ಅವನ ವರದಿ 1869ರಲ್ಲಿ ಬಂತು. ಕಾಫಿಯನ್ನೇ ನಂಬಿದ ಊರಿಗೆ ಇದೆಂಥ ಹೊಡೆತ ಎಂದು ನೀವೇ ಊಹಿಸಬಹುದು. ತೊಗರಿ ಒಂದನ್ನೇ ನಂಬಿ, ನೆಟೆ ರೋಗ ಬಿದ್ದ ವರ್ಷ ನಮ್ಮ ರೈತ ಪಡುವ ಪಾಡು ನಮಗೆ ಗೊತ್ತಿದೆಯಲ್ಲ. ಅಷ್ಟಾದರೂ ಆನಂದಪುರ ಅಳಿಯಲಿಲ್ಲ. ಇಂದಿಗೂ ಆ ಹೆಸರು ಕೊಡಗಿನಲ್ಲಿದೆ, ಊರಿಗೂ ಇದೆ, ಕಾಫಿ ತೋಟಕ್ಕೂ ಇದೆ.

ಮೊಗ್ಲಿಂಗ್ ಬಗ್ಗೆ ಜರ್ಮನ್ ಭಾಷೆಯಲ್ಲಿ, ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಪುಸ್ತಕಗಳಿವೆ. ಕಾಡು ಕಡಿದು ಮೊದಲ ಮನೆ ಎಬ್ಬಿಸಿದ ಕುಟುಂಬಗಳ ಬಗ್ಗೆ ಅಷ್ಟು ಬರಹ ಇಲ್ಲ. ಆನಂದಪುರ ಮೂಲದವರು ಯಾರಾದರೂ ಈ ವಿಡಿಯೋ ನೋಡುತ್ತಿದ್ದರೆ ನನ್ನದೊಂದು ವಿನಂತಿ. ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಯಾರು ಮೊದಲು ಬಂದರು, ಯಾವ ಮನೆಯಿಂದ ಬಿಟ್ಟು ಬಂದರು, ಹೇಗೆ ಬಂದರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ, ಬರೆದಿಡಿ. ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಭಗೇಲಾ ಕುಟುಂಬಗಳ ಮಕ್ಕಳಿಗೂ ಇದೇ ಮಾತು. ಆ ಕಾಲ ಕಂಡವರು ಇನ್ನು ಕೆಲವರೇ ಉಳಿದಿದ್ದಾರೆ. ಅವರಿರುವಾಗಲೇ ಕೇಳಿ.