ಬೆರಳೂ ಅಕ್ಷರವೂ

ಯಂತ್ರ ಭಾಷೆಗೆ ಒಗ್ಗಬೇಕೋ, ಭಾಷೆಯೇ ಯಂತ್ರಕ್ಕೆ ಒಗ್ಗಬೇಕೋ? ಕೇಳುಗರೇ, ಈ ಪ್ರಶ್ನೆಗೆ ತುರ್ಕರು ಕೊಟ್ಟ ಉತ್ತರ ಮನನೀಯವಾದುದು. 1928ರಲ್ಲಿ ಅರಬ್ಬೀ ಲಿಪಿಯನ್ನು ತೊರೆದು ಲ್ಯಾಟಿನ್ ಲಿಪಿಯನ್ನು ಸ್ವೀಕರಿಸಿದ ಅವರು, ಪರರ ಕೀಲಿಕ್ರಮದಲ್ಲೇ ತೃಪ್ತರಾಗಲಿಲ್ಲ. ಇಹ್ಸಾನ್ ಸಿತ್ಕಿ ಯೆನೆರ್ ಅವರ ಮುಂದಾಳ್ತನದಲ್ಲಿ, ತಮ್ಮ ನುಡಿಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುವುದೆಂದು ಎಣಿಸಿ ರಚಿಸಿದ ‘ಎಫ್’ ಕ್ರಮವನ್ನು 1955ರಲ್ಲಿ ಮಾನಕವಾಗಿಸಿದರು.

ಇಸ್ತಾಂಬುಲ್ ನಗರದ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅಂಥದೊಂದು ಗಣಕದ ಕೀಲಿಮಣೆ ನನಗೆ ದೊರೆಯಿತು. ಪುಟ್ಟದು, ಬಲಬದಿಯ ಅಂಕಿಗಳ ಗುಂಪಿಲ್ಲ, ಪ್ರತಿ ಕೀಲಿಯಡಿಯಲ್ಲೂ ಒಂದು ಸ್ಪ್ರಿಂಗು. ‘ಕ್ಯೂ’ ಇರುವ ಮೂಲೆಯಲ್ಲಿ ‘ಎಫ್’ ಕುಳಿತಿತ್ತು. ಎಂಟು ಸ್ವರಗಳೂ ಎಡಗೈಗೆ, ಹೆಚ್ಚು ಬಳಕೆಯ ವ್ಯಂಜನಗಳು ಬಲಗೈಗೆ. ತುರ್ಕಿ ಪದಗಳಲ್ಲಿ ಸ್ವರವ್ಯಂಜನಗಳು ಸಾಮಾನ್ಯವಾಗಿ ಸರದಿಯಿಂದ ಬರುವುದರಿಂದ ಕೈಗಳೆರಡೂ ತಾಳ ಹಾಕಿದಂತೆ ಆಡುತ್ತವೆ. ಆದರೂ ಇಂದು ಆ ನಾಡಿನ ಗಣಕಗಳಲ್ಲಿ ‘ಕ್ಯೂ’ ಕ್ರಮವೇ ಹೆಚ್ಚು, ‘ಎಫ್’ ವಿರಳ.

ನಮ್ಮಲ್ಲಿಯೂ 1986ರಲ್ಲಿ ಮಾನಕವಾದ ಇನ್‌ಸ್ಕ್ರಿಪ್ಟ್ ಕ್ರಮ ಸ್ವರಗಳನ್ನು ಎಡಕ್ಕೆ, ವ್ಯಂಜನಗಳನ್ನು ಹೆಚ್ಚಾಗಿ ಬಲಕ್ಕೆ ಇಟ್ಟಿದೆ. ನಮ್ಮಲ್ಲಿ ಬಹುಮಂದಿ ‘ಕ’ಕಾರಕ್ಕಾಗಿ ಇಂಗ್ಲಿಷಿನ ‘ಕೆ’ಯನ್ನೇ ಒತ್ತುತ್ತೇವೆ. ಅದು ಸುಲಭ, ನಿಜ. ಆದರೆ ಕನ್ನಡ ಬರೆಯುವ ಮಗುವಿಗೆ ಇಂಗ್ಲಿಷಿನ ಹೊಸ್ತಿಲು ದಾಟಿಯೇ ತನ್ನ ಅಕ್ಷರ ಸಿಗಬೇಕಾದರೆ, ಆ ಸೌಲಭ್ಯದ ಬೆಲೆಯೆಷ್ಟೆಂದು ನಾವು ಎಣಿಸಿ ನೋಡುವುದು ಒಳಿತು.